ಜಾನ್ಸನ್‌ಗೆ ಒಂದು ಸಾಲು ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಅಧ್ಯಕ್ಷರ ಬಗ್ಗೆ ಬಂದ ಎರಡು ಪುಟಗಳ ಲೇಖನವನ್ನು ಓದಿದೆ. ವಾಷಿಂಗ್ಟನ್ ಇದ್ದರು, ಲಿಂಕನ್ ಇದ್ದರು, ರೂಸ್‌ವೆಲ್ಟ್ ಇದ್ದರು. ಕೆನಡಿಗೆ ಚಿತ್ರಸಮೇತ ಕಾಲು ಪುಟ ಸಿಕ್ಕಿತ್ತು. ಬಾಂಗ್ಲಾ ಯುದ್ಧದ ವೇಳೆ ನಿಕ್ಸನ್ ನಮ್ಮತ್ತ ಕಳುಹಿಸಿದ ಅಮೆರಿಕದ ಏಳನೇ ನೌಕಾಪಡೆಯ ಕಥೆಯೂ ಇತ್ತು. 1971 ನಾವು ಮರೆಯುವಂಥದ್ದಲ್ಲ, ಸರಿ. ಕೆನಡಿ ಹತ್ಯೆಯ ನಂತರ 1963ರಿಂದ 1969ರವರೆಗೆ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಅವರಿಗೆ ಮಾತ್ರ ಒಂದೇ ಸಾಲು: 'ವಿಯೆಟ್ನಾಂ ಕೆಸರಿನಲ್ಲಿ ಹೂತುಹೋದ ಅಧ್ಯಕ್ಷ'. ಸಾಲು ಸುಳ್ಳಲ್ಲ. ಆದರೆ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದ ನನ್ನ ಕೈಗೆ ಇಂಥ ಉತ್ತರಪತ್ರಿಕೆ ಬಂದಿದ್ದರೆ ಐದಕ್ಕೆ ಒಂದು ಅಂಕ ಕೊಟ್ಟು, ಪಕ್ಕದಲ್ಲಿ 'ಉಳಿದದ್ದು ಎಲ್ಲಿ?' ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ.

ಮಗ ನ್ಯೂಜೆರ್ಸಿಯಲ್ಲಿ, ಮಗಳು ಟೆಕ್ಸಾಸ್‌ನಲ್ಲಿ, ಅಜ್ಜಿ ಬಾಣಂತನಕ್ಕೆಂದು ಆರು ತಿಂಗಳು ಅಲ್ಲಿ, ಉಳಿದ ಆರು ತಿಂಗಳು ಇಲ್ಲಿ ವಿಡಿಯೊ ಕರೆಯ ಮುಂದೆ. ಬೆಂಗಳೂರು, ಮೈಸೂರು, ಮಂಗಳೂರಿನ ಸಾವಿರಾರು ಮನೆಗಳು ಇಂದು ಹೀಗಿರುವುದಕ್ಕೆ ಕೆನಡಿಗಿಂತ, ರೇಗನ್‌ಗಿಂತ, ಒಬಾಮಗಿಂತ ಹೆಚ್ಚು ಕಾರಣರಾದ ಅಧ್ಯಕ್ಷರು ಜಾನ್ಸನ್. ಕನ್ನಡದ ಪತ್ರಿಕೆಯೊಂದು ಅವರನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ಸರಿಕಾಣಲಿಲ್ಲ, ಆದ್ದರಿಂದ ಈ ಪತ್ರ. ಉದ್ದವಾದರೆ ಕತ್ತರಿಸಿಕೊಳ್ಳಿ, ಇಸವಿಗಳನ್ನು ಮಾತ್ರ ಬಿಡಬೇಡಿ.

1965ರ ಅಕ್ಟೋಬರ್ 3, ಭಾನುವಾರ. ನ್ಯೂಯಾರ್ಕ್ ಬಂದರಿನ ಸ್ವಾತಂತ್ರ್ಯ ಪ್ರತಿಮೆಯ ಬುಡದಲ್ಲಿ ಮೇಜು ಹಾಕಿಸಿಕೊಂಡು ಜಾನ್ಸನ್ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಇದೇನೂ ಕ್ರಾಂತಿಕಾರಿ ಮಸೂದೆಯಲ್ಲ, ಇದರಿಂದ ಲಕ್ಷಾಂತರ ಜನರ ಬದುಕು ಬದಲಾಗುವುದಿಲ್ಲ ಎಂದು ಅಂದಿನ ಭಾಷಣದಲ್ಲಿ ಅವರೇ ಹೇಳಿದರು. ಹಳೆಯದೊಂದು ಅನ್ಯಾಯವನ್ನು ಸರಿಪಡಿಸುತ್ತಿದ್ದೇವೆ, ಅಷ್ಟೇ ಎಂಬ ಧಾಟಿ. ಅಧ್ಯಕ್ಷರ ಭವಿಷ್ಯವಾಣಿಗಳಲ್ಲಿ ಇಷ್ಟು ಸಂಪೂರ್ಣವಾಗಿ ಹುಸಿಯಾದದ್ದು ಇನ್ನೊಂದಿದೆಯೋ ಇಲ್ಲವೋ.

ಆ ಹಳೆಯ ಅನ್ಯಾಯ ಎಂಥದ್ದೆಂದು ನಿಮ್ಮ ಲೇಖನದಲ್ಲಿ ಇರಲಿಲ್ಲ. 1917ರ ಕಾನೂನು ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗಕ್ಕೆ ಬಾಗಿಲು ಮುಚ್ಚಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲೇ ಇದ್ದ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಗೆ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪೌರತ್ವ ನಿರಾಕರಿಸಿತು. ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಆತ ಬಿಳಿಯನಲ್ಲ ಎಂಬುದೇ ಕಾರಣ. ಮರುವರ್ಷದ ಕಾನೂನು ಯಾವ ದೇಶದಿಂದ ಎಷ್ಟು ಜನ ಬರಬಹುದು ಎಂಬ ಕೋಟಾವನ್ನು ಉತ್ತರ ಯುರೋಪಿನವರಿಗೆ ಅನುಕೂಲವಾಗುವಂತೆ ಕೂಡಿಸಿ ಕಳೆದು ನಿಗದಿಪಡಿಸಿತು. 1946ರಲ್ಲಿ ಟ್ರೂಮನ್ ಭಾರತೀಯರಿಗೆ ಸ್ವಲ್ಪ ಸಂದು ತೆರೆದರು: ವರ್ಷಕ್ಕೆ ನೂರು ಜನ. ನಮ್ಮ ಅರಸೀಕೆರೆ ಜಂಕ್ಷನ್ನಿನಲ್ಲಿ ಬೆಳಗಿನ ಒಂದು ಪ್ಯಾಸೆಂಜರ್ ರೈಲಿನಿಂದ ಇಳಿಯುವವರೇ ಅದಕ್ಕಿಂತ ಹೆಚ್ಚು.

1965ರ ಕಾನೂನು ಈ ಕೋಟಾ ಪದ್ಧತಿಯನ್ನೇ ಕಿತ್ತುಹಾಕಿತು. ಪೂರ್ವ ಗೋಳಾರ್ಧದ ಪ್ರತಿ ದೇಶಕ್ಕೂ ಒಂದೇ ಮಿತಿ, ವರ್ಷಕ್ಕೆ 20,000. ಬ್ರಿಟನ್ನಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಪ್ರಸ್ತಾವ ಕೆನಡಿಯದ್ದೇ, ಒಪ್ಪುತ್ತೇನೆ. 1963ರ ಜುಲೈನಲ್ಲಿ ಅವರು ಅದನ್ನು ಕಾಂಗ್ರೆಸ್ಸಿಗೆ ಕಳುಹಿಸಿದ್ದರು. ಆದರೆ ಕಳುಹಿಸುವುದು ಬೇರೆ, ಪಾಸು ಮಾಡಿಸುವುದು ಬೇರೆ. ಸೆನೆಟ್ಟಿನ ಬಹುಮತ ನಾಯಕರಾಗಿ ವರ್ಷಗಟ್ಟಲೆ ಪಳಗಿದ್ದ ಜಾನ್ಸನ್‌ಗೆ ಯಾವ ಸದಸ್ಯನ ಯಾವ ನರ ಹಿಡಿದರೆ ಕೈ ಮೇಲೇಳುತ್ತದೆ ಎಂಬುದು ಗೊತ್ತಿತ್ತು. ಈ ಮಸೂದೆಗೆ ಹೆಸರು ಕೊಟ್ಟವರಲ್ಲಿ ಒಬ್ಬರಾದ ಇಮ್ಯಾನ್ಯುಯೆಲ್ ಸೆಲ್ಲರ್ 1924ರಲ್ಲಿ ಹೊಸ ಸದಸ್ಯರಾಗಿದ್ದಾಗಲೇ ಆ ಕೋಟಾ ಕಾನೂನನ್ನು ವಿರೋಧಿಸಿದ್ದವರು. ಅದು ರದ್ದಾಗುವುದನ್ನು ನೋಡಲು ಅವರು ಅದೇ ಸದನದಲ್ಲಿ 41 ವರ್ಷ ಕಾದರು. ನಿಮ್ಮ ಪುರವಣಿಯಲ್ಲಿ ಅವರಿಗೂ ಒಂದು ಸಾಲು ಇರಬೇಕಿತ್ತು.

ಇದರಲ್ಲೊಂದು ತಮಾಷೆಯಿದೆ, ಮಕ್ಕಳಿಗೆ ಹೇಳುವಾಗ ನಾನು ಎಂದೂ ಬಿಡುತ್ತಿರಲಿಲ್ಲ. ಓಹಾಯೊದ ಸದಸ್ಯ ಮೈಕೆಲ್ ಫೀಗನ್ ಎಂಬುವರು ಒಂದು ಷರತ್ತು ಹಾಕಿದರು: ಕೌಶಲ್ಯಕ್ಕಿಂತ ಕುಟುಂಬಕ್ಕೆ ಆದ್ಯತೆ ಇರಬೇಕು, ಈಗಾಗಲೇ ಅಲ್ಲಿರುವವರ ಬಂಧುಗಳು ಮೊದಲು ಬರಬೇಕು. ಲೆಕ್ಕಾಚಾರ ಸರಳ. ಅಲ್ಲಿ ಇದ್ದವರು ಬಹುಪಾಲು ಯುರೋಪಿನವರು, ಬಂಧುಗಳೂ ಅವರೇ ಆಗುತ್ತಾರೆ, ಬಣ್ಣ ಬದಲಾಗುವುದಿಲ್ಲ. ರಾಬರ್ಟ್ ಕೆನಡಿಯವರಂತೂ ಏಷ್ಯಾ–ಪೆಸಿಫಿಕ್ ಭಾಗದಿಂದ ಮೊದಲಿಗೆ ಸುಮಾರು 5,000 ಜನ ಬರಬಹುದು, ಆಮೇಲೆ ಅದು ಬಹುತೇಕ ನಿಂತೇಹೋಗುತ್ತದೆ ಎಂದು ಸದನ ಸಮಿತಿಗೆ ಹೇಳಿದ್ದರು. ಅಣ್ಣ ಹೋದರೆ ತಮ್ಮ, ತಮ್ಮ ಹೋದರೆ ಅವನ ಹೆಂಡತಿ, ಆಮೇಲೆ ಅವಳ ತಂದೆ ತಾಯಿ ಎಂಬ ನಮ್ಮ ಕಡೆಯ ಲೆಕ್ಕ ಅವರಿಗೆ ತಿಳಿದಿರಲಿಲ್ಲ. 1960ರಲ್ಲಿ ಅಮೆರಿಕದಲ್ಲಿದ್ದ ಭಾರತ ಸಂಜಾತರು ಸುಮಾರು 12,000. ಇಂದು 27 ಲಕ್ಷ ದಾಟಿದ್ದಾರೆ.

ಮೊದಲ ಅಲೆಯಲ್ಲಿ ಹೋದವರು ಸಾಫ್ಟ್‌ವೇರ್ ಹುಡುಗರಲ್ಲ, ವೈದ್ಯರು. ಅದಕ್ಕೂ ಜಾನ್ಸನ್ ಅವರದೇ ಇನ್ನೊಂದು ಸಹಿ ಕಾರಣ. ಅದೇ ವರ್ಷ ಜುಲೈ 30ರಂದು ಮಿಸೌರಿಯ ಇಂಡಿಪೆಂಡೆನ್ಸ್ ಪಟ್ಟಣಕ್ಕೆ ಹೋಗಿ, ವೃದ್ಧ ಟ್ರೂಮನ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಡಿಕೇರ್ ಕಾನೂನಿಗೆ ಸಹಿ ಹಾಕಿದರು. 65 ದಾಟಿದ ಅಮೆರಿಕನ್ನರ ಆಸ್ಪತ್ರೆ ಖರ್ಚು ಸರ್ಕಾರದ್ದಾಯಿತು. ಆಸ್ಪತ್ರೆಗಳಿಗೆ ರೋಗಿಗಳು ಹೆಚ್ಚಿದರು, ಹಣ ಹೆಚ್ಚಿತು, ವೈದ್ಯರು ಸಾಲದಾದರು. ಇರುವ ಎಳೆಯ ವೈದ್ಯರಲ್ಲಿ ಕೆಲವರನ್ನು ವಿಯೆಟ್ನಾಂ ಯುದ್ಧ ಸೇನೆಗೆ ಎಳೆದುಕೊಳ್ಳುತ್ತಿತ್ತು. ಜುಲೈನ ಸಹಿ ಹುದ್ದೆ ಸೃಷ್ಟಿಸಿತು, ಅಕ್ಟೋಬರಿನ ಸಹಿ ಬಾಗಿಲು ತೆರೆಯಿತು. ಮೈಸೂರು, ಬೆಂಗಳೂರು, ಮಣಿಪಾಲದ ವೈದ್ಯಕೀಯ ಕಾಲೇಜುಗಳಲ್ಲಿ ಓದಿದವರು ಎಪ್ಪತ್ತರ ದಶಕದಲ್ಲಿ ಮಿಷಿಗನ್ನಿಗೂ ಓಹಾಯೊಕ್ಕೂ ವಿಮಾನ ಹತ್ತಿದ್ದು ಹೀಗೆ. ನನ್ನ ಭಾವನವರೂ ಹಾಗೆಯೇ ಹೋದವರು. ನಮ್ಮ ಸರ್ಕಾರದ ಖರ್ಚಿನಲ್ಲಿ ಓದಿ, ಹಾಸನ ಜಿಲ್ಲೆಯ ಯಾವ ಆರೋಗ್ಯ ಕೇಂದ್ರದಲ್ಲೂ ಒಂದು ದಿನ ಕೂರದೆ ಹೋದರು ಎಂಬ ಸಿಟ್ಟು ನನ್ನ ಮಾವನವರಿಗೆ ಕೊನೆಯವರೆಗೂ ಇತ್ತು. ಆ ಸಿಟ್ಟು ನ್ಯಾಯವಾದದ್ದೇ. ಡಾಲರ್ ಮನಿಯಾರ್ಡರ್ ಬಂದಾಗ ಮಾತ್ರ ಸ್ವಲ್ಪ ಹೊತ್ತು ಇಳಿಯುತ್ತಿತ್ತು.

ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ 2014ರ ಕೊನೆಯಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಮುಖ್ಯ ಆರೋಗ್ಯ ವಕ್ತಾರ, ಆದಾಗ ನಮ್ಮ ಪತ್ರಿಕೆಗಳು ಸಂಭ್ರಮಿಸಿದವು. ನೇಮಿಸಿದ ಒಬಾಮ ಹೆಸರು ಎಲ್ಲೆಡೆ ಇತ್ತು. ಇಂಥ ಕುಟುಂಬಗಳಿಗೆ ದಾರಿಯೇ ಇಲ್ಲದಿದ್ದ ಕಾಲವೊಂದಿತ್ತು, ಅದನ್ನು ತೆರೆದವರು ಇಂಥವರು ಎಂದು ನಾನು ಓದಿದ ಯಾವ ವರದಿಯೂ ಹೇಳಲಿಲ್ಲ.

ಆದರೆ ಜಾನ್ಸನ್ ಅವರನ್ನು ಹೊತ್ತು ಮೆರೆಸಲು ನಾನು ಕೂತಿಲ್ಲ. ನನ್ನ ತಂಗಿಯ ಮಗ ಆಸ್ಟಿನ್‌ನಲ್ಲಿ ಇಂಜಿನಿಯರ್. ಹಸಿರು ಕಾರ್ಡಿನ ಸರದಿಯಲ್ಲಿ ನಿಂತಿದ್ದಾನೆ, ಅವನ ಮಗಳು ಕಾಲೇಜು ಮುಗಿಸಿದರೂ ಸರದಿ ಬರುವಂತಿಲ್ಲ. ಕಾರಣ ಆ 'ಪ್ರತಿ ದೇಶಕ್ಕೂ ಒಂದೇ ಮಿತಿ'. 1990ರಲ್ಲಿ ಹಿರಿಯ ಬುಷ್ ಸಹಿ ಹಾಕಿದ ಕಾನೂನು ಅದನ್ನು ವರ್ಷಕ್ಕೆ ಕೊಡುವ ಇಂಥ ಕಾರ್ಡುಗಳಲ್ಲಿ ಶೇ 7 ಎಂದು ಬದಲಿಸಿತು, ತತ್ವ ಹಳೆಯದೇ. 140 ಕೋಟಿ ಜನರ ದೇಶಕ್ಕೂ ಐಸ್‌ಲ್ಯಾಂಡಿಗೂ ಒಂದೇ ಅಳತೆ. 1965ರಲ್ಲಿ ನಮ್ಮನ್ನು ಒಳಗೆ ಬಿಟ್ಟ ಸಮಾನತೆಯೇ ಈಗ ನಮ್ಮ ಮಕ್ಕಳನ್ನು ಹೊಸ್ತಿಲಲ್ಲಿ ನಿಲ್ಲಿಸಿದೆ. 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಹೊಸ ಎಚ್‌–1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದಾಗ ನೀವು ಮುಖಪುಟವನ್ನೇ ಕೊಟ್ಟಿರಿ. ಕೊಡಬೇಕಾದದ್ದೇ. ಆ ಸುದ್ದಿಯ ಬೇರು ಎಲ್ಲಿದೆ ಎಂದು ತೋರಿಸುವ ಅವಕಾಶ ಪುರವಣಿಗೆ ಇತ್ತು, ಅದು ಕಳೆದುಹೋಯಿತು.

ಈಗ ನನಗೆ ತೀರಾ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಜಾನ್ಸನ್ ಮೇಷ್ಟರಾಗಿದ್ದವರು. ಇಪ್ಪತ್ತರ ವಯಸ್ಸಿನಲ್ಲಿ, 1928ರಲ್ಲಿ, ಟೆಕ್ಸಾಸಿನ ಕೊಟುಲ್ಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದರು. ಆ ಮಕ್ಕಳು ಬೆಳಗಿನ ಉಪಾಹಾರವಿಲ್ಲದೆ ಹಸಿದು ತರಗತಿಗೆ ಬರುತ್ತಿದ್ದರು ಎಂದು 1965ರ ಮಾರ್ಚ್ 15ರಂದು ಕಾಂಗ್ರೆಸ್ಸಿನ ಜಂಟಿ ಅಧಿವೇಶನದಲ್ಲಿ ನೆನೆದರು. ಅದು ಕರಿಯರ ಮತದಾನದ ಹಕ್ಕಿಗಾಗಿ ಮಾಡಿದ ಭಾಷಣ. ಒಂದು ವಾರದ ಹಿಂದೆ, ಮಾರ್ಚ್ 7ರಂದು, ಅಲಬಾಮಾದ ಸೆಲ್ಮಾದಲ್ಲಿ ಸೇತುವೆ ದಾಟುತ್ತಿದ್ದ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿ ಅಶ್ರುವಾಯು ಸಿಡಿಸಿದ್ದರು. ಟೆಕ್ಸಾಸಿನ ದಕ್ಷಿಣದ ಉಚ್ಚಾರಣೆಯಲ್ಲಿ ಒಬ್ಬ ಬಿಳಿಯ ಅಧ್ಯಕ್ಷ, ಚಳವಳಿಗಾರರ ಘೋಷವಾಕ್ಯವನ್ನೇ ಎತ್ತಿಕೊಂಡು 'ನಾವು ಗೆದ್ದೇ ಗೆಲ್ಲುತ್ತೇವೆ' ಎಂದಾಗ ಸಭೆ ಎದ್ದು ನಿಂತಿತು. ಆಗಸ್ಟ್ 6ಕ್ಕೆ ಮತದಾನ ಹಕ್ಕು ಕಾನೂನಾಯಿತು. ಮಿಸಿಸಿಪ್ಪಿಯಲ್ಲಿ ನೋಂದಾಯಿತ ಕರಿಯ ಮತದಾರರು ಶೇ 7ರಷ್ಟೂ ಇರಲಿಲ್ಲ. ಎರಡು ವರ್ಷಗಳಲ್ಲಿ ಶೇ 60ರ ಹತ್ತಿರ ಬಂದರು. ಮೆಡಿಕೇರ್ ಹಣ ಬೇಕಾದರೆ ಕರಿಯರನ್ನೂ ಬಿಳಿಯರನ್ನೂ ಒಂದೇ ವಾರ್ಡಿನಲ್ಲಿ ಮಲಗಿಸಬೇಕು ಎಂಬ ಷರತ್ತು, ಯಾವ ಉಪದೇಶವೂ ಮಾಡದ ಕೆಲಸವನ್ನು ದಕ್ಷಿಣದ ಆಸ್ಪತ್ರೆಗಳಲ್ಲಿ ತಿಂಗಳುಗಳಲ್ಲೇ ಮಾಡಿಸಿತು. ಇದಕ್ಕೆ ಅವರ ಪಕ್ಷ ತೆತ್ತ ಬೆಲೆಯೂ ಸಣ್ಣದಲ್ಲ. 1964ರಲ್ಲಿ ಶೇ 61 ಮತ ಪಡೆದು ಗೆದ್ದಾಗಲೇ ದಕ್ಷಿಣದ ಐದು ರಾಜ್ಯಗಳು ಕೈಬಿಟ್ಟಿದ್ದವು. ಆ ಬಿರುಕು ಅಮೆರಿಕದ ಚುನಾವಣಾ ನಕ್ಷೆಯಲ್ಲಿ ಇವತ್ತಿಗೂ ಕಾಣುತ್ತದೆ.

1965ರ ಏಪ್ರಿಲ್‌ನಲ್ಲಿ ಬಡ ಮಕ್ಕಳ ಶಾಲೆಗಳಿಗೆ ಕೇಂದ್ರದ ಹಣ ಕೊಡುವ ಕಾನೂನಿಗೆ ಸಹಿ ಹಾಕಲು ತಾವು ಓದಿದ ಹಳ್ಳಿಶಾಲೆಯ ಅಂಗಳಕ್ಕೆ ಹೋದರು, ತಮಗೆ ಅಕ್ಷರ ಕಲಿಸಿದ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನಾಟಕ ಅನ್ನಿ, ಪ್ರಚಾರ ಅನ್ನಿ. ನಮ್ಮಲ್ಲಿ ಶಾಲಾ ಕೊಠಡಿ ಉದ್ಘಾಟನೆಗೆ ಬರುವ ಯಾವ ಮಂತ್ರಿಯೂ ತಮ್ಮ ಮೇಷ್ಟರನ್ನು ಕರೆತಂದದ್ದನ್ನು ನಾನು ನೋಡಿಲ್ಲ.

ಇಷ್ಟೆಲ್ಲ ಆದ ಮೇಲೆ ಗೋಧಿಯ ವಿಷಯ. ಇಲ್ಲಿ ನನ್ನ ಧ್ವನಿ ಬದಲಾಗುತ್ತದೆ.

ಹಸಿದ ಮಕ್ಕಳನ್ನು ನೆನೆದು ಗದ್ಗದಿತರಾದ ಇದೇ ಮೇಷ್ಟರು, ಅದೇ 1965ರಲ್ಲಿ, ಭಾರತಕ್ಕೆ ಕಳುಹಿಸುವ ಗೋಧಿಯ ಹಗ್ಗವನ್ನು ತಮ್ಮ ಕೈಯಲ್ಲಿ ಸುತ್ತಿಕೊಂಡು ಕೂತರು. ಪಿ.ಎಲ್. 480 ಎಂಬ ಅಮೆರಿಕದ ಕಾನೂನಿನಡಿ ನಮಗೆ ರಿಯಾಯಿತಿಯಲ್ಲಿ ಗೋಧಿ ಕೊಡುವ ಹಳೆಯ ಒಪ್ಪಂದ ಜೂನ್ ಕೊನೆಗೆ ಮುಗಿಯಿತು. ದೀರ್ಘಾವಧಿಯ ಹೊಸ ಒಪ್ಪಂದ ಬೇಡ, ಒಂದೆರಡು ತಿಂಗಳಿಗಾಗುವಷ್ಟು ಮಾತ್ರ ಬಿಡಿ ಎಂಬುದು ಅವರ ಅಪ್ಪಣೆ. ಎಷ್ಟು ಟನ್, ಯಾವಾಗ ಎಂಬುದನ್ನು ಶ್ವೇತಭವನದಲ್ಲಿ ಕೂತು ಅವರೇ ನೋಡುತ್ತಿದ್ದರು. ಇತ್ತ ಮಳೆ ಕೈಕೊಟ್ಟಿತ್ತು. 1964–65ರಲ್ಲಿ 8.9 ಕೋಟಿ ಟನ್ ಇದ್ದ ದೇಶದ ಆಹಾರಧಾನ್ಯ ಉತ್ಪಾದನೆ ಮರುವರ್ಷ 7.2 ಕೋಟಿ ಟನ್ನಿಗೆ ಕುಸಿಯಿತು. ಶಾಸ್ತ್ರೀಜಿ ಸೋಮವಾರ ರಾತ್ರಿಯ ಊಟ ಬಿಡಿ ಎಂದು ದೇಶವನ್ನು ಕೇಳಿಕೊಂಡರು. ಹಡಗಿನಿಂದ ನೇರ ಬಾಯಿಗೆ ಎಂದು ಜಗತ್ತು ನಮ್ಮನ್ನು ಆಡಿಕೊಂಡ ಕಾಲ ಅದು. ಆ ಶಾಸ್ತ್ರೀಜಿಯವರ ಅಮೆರಿಕ ಭೇಟಿಯನ್ನೂ ಜಾನ್ಸನ್ ಏಪ್ರಿಲ್‌ನಲ್ಲಿ ತಾವಾಗಿಯೇ ಮುಂದೂಡಿದ್ದರು. ಶಾಸ್ತ್ರೀಜಿ ಆಮೇಲೆ ಅತ್ತ ತಲೆಹಾಕಲಿಲ್ಲ. ಅವರ ಮೇಲಿನ ನನ್ನ ಗೌರವ ಅಷ್ಟಕ್ಕೇ ಒಂದು ಪಟ್ಟು ಹೆಚ್ಚಿದೆ.

ಜಾನ್ಸನ್ ಪರ ವಹಿಸುವವರು ಹೇಳುವುದುಂಟು: ಆ ಒತ್ತಡವಿರದಿದ್ದರೆ ಭಾರತ ಕೃಷಿಯತ್ತ ತಿರುಗುತ್ತಲೇ ಇರಲಿಲ್ಲ, ಹಸಿರು ಕ್ರಾಂತಿ ಆಗುತ್ತಲೇ ಇರಲಿಲ್ಲ. ನಾನು ಒಪ್ಪುವುದಿಲ್ಲ. ನಮ್ಮ ಕೃಷಿ ಸಚಿವ ಸಿ. ಸುಬ್ರಹ್ಮಣ್ಯಂ ರೈತರಿಗೆ ನ್ಯಾಯವಾದ ಬೆಲೆ, ಗೊಬ್ಬರ, ಹೊಸ ತಳಿ ಎಂದು ಮೊದಲೇ ಹಟ ಹಿಡಿದಿದ್ದರು. 1965ರ ನವೆಂಬರಿನಲ್ಲಿ ರೋಮ್‌ನಲ್ಲಿ ಅಮೆರಿಕದ ಕೃಷಿ ಕಾರ್ಯದರ್ಶಿ ಓರ್ವಿಲ್ ಫ್ರೀಮನ್ ಜೊತೆ ಅವರು ಸಹಿ ಹಾಕಿದ ಒಪ್ಪಂದದಲ್ಲಿ ಇದ್ದದ್ದು ಬಹುಮಟ್ಟಿಗೆ ಅವರದೇ ಯೋಜನೆ. ತೆರೆದ ಬಾಗಿಲನ್ನು ತಳ್ಳಿದ ಕೀರ್ತಿ ಮಾತ್ರ ವಾಷಿಂಗ್ಟನ್ನಿಗೆ ಹೋಯಿತು. ಆ ಮೇಲೂ ಹಗ್ಗ ಸಡಿಲಾಗಲಿಲ್ಲ. 1966ರಲ್ಲಿ ಇಂದಿರಾ ಗಾಂಧಿ ಹೋಗಿ ಬಂದರು, ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಿದರು, 4.76 ಇದ್ದ ಡಾಲರ್ 7.50 ಆಯಿತು. ಆದರೆ ಉತ್ತರ ವಿಯೆಟ್ನಾಂ ರಾಜಧಾನಿ ಹನೋಯ್ ಮೇಲಿನ ಅಮೆರಿಕದ ಬಾಂಬ್ ದಾಳಿಯನ್ನು ಭಾರತ ಟೀಕಿಸಿದ್ದು ಜಾನ್ಸನ್‌ಗೆ ಹಿಡಿಸಲಿಲ್ಲ. ಪೋಪ್ ಮತ್ತು ವಿಶ್ವಸಂಸ್ಥೆಯ ಊ ಥಾಂಟ್ ಕೂಡ ಅದನ್ನೇ ಹೇಳುತ್ತಿದ್ದಾರಲ್ಲ ಎಂದಾಗ, ಅವರಿಗೆ ನಮ್ಮ ಗೋಧಿ ಬೇಕಿಲ್ಲವಲ್ಲ ಎಂಬ ಉತ್ತರ ಬಂತೆಂದು ಆ ಕಾಲದ ರಾಜತಾಂತ್ರಿಕ ವಲಯದ ಮಾತು. ಆ ವರ್ಷ ಒಂದು ಕೋಟಿ ಟನ್ನಿಗೂ ಹೆಚ್ಚು ಧಾನ್ಯ ಹೊರಗಿನಿಂದ ಬಂತು, ಬಹುಪಾಲು ಅಮೆರಿಕದ್ದೇ. ಅದು ಬಾರದಿದ್ದರೆ ಎಷ್ಟು ಜನ ಸಾಯುತ್ತಿದ್ದರೋ. ಕೊಟ್ಟದ್ದನ್ನು ನಾನು ಇಲ್ಲವೆನ್ನುವುದಿಲ್ಲ, ಕೊಟ್ಟ ಬಗೆಯನ್ನು ಹೇಳುತ್ತಿದ್ದೇನೆ.

ಆ ಗೋಧಿಯ ಉಪ್ಪಿಟ್ಟನ್ನು ನಾನೂ ತಿಂದವಳು. ನಮ್ಮ ಪ್ರಾಥಮಿಕ ಶಾಲೆಗೆ ಕೇರ್ ಎಂಬ ಅಮೆರಿಕದ ನೆರವು ಸಂಸ್ಥೆಯ ಚೀಲಗಳು ಬರುತ್ತಿದ್ದವು. ಚೀಲದ ಮೇಲೆ ಕೈಕುಲುಕುತ್ತಿರುವ ಎರಡು ಕೈಗಳ ಚಿತ್ರ, ಕೆಳಗೆ ಅಮೆರಿಕದ ಜನರ ಕೊಡುಗೆ, ಮಾರುವಂತಿಲ್ಲ ಎಂಬ ಇಂಗ್ಲಿಷ್ ಬರಹ. ಹಾಲಿನ ಪುಡಿಯನ್ನು ನೀರಿಗೆ ಕದಡಿ ಕೊಡುತ್ತಿದ್ದರು, ಗಂಟುಗಳು ಹಾಗೇ ಇರುತ್ತಿದ್ದವು. ರಾಗಿಮುದ್ದೆಯ ಸೀಮೆಯಲ್ಲಿ ನ್ಯಾಯಬೆಲೆ ಅಂಗಡಿಯ ಕೆಂಪು ಗೋಧಿಯನ್ನು ಏನು ಮಾಡಬೇಕೆಂದು ತಿಳಿಯದೆ ನನ್ನ ಅಜ್ಜಿ ಅದನ್ನೂ ಬೀಸಿ ಮುದ್ದೆ ಕಟ್ಟಲು ನೋಡಿದ್ದರು. (ಕಾಂಗ್ರೆಸ್ ಗಿಡವೂ ಆ ಗೋಧಿಯ ಜೊತೆಯಲ್ಲೇ ಬಂತೆಂದು ನಮ್ಮ ಕಡೆ ಇನ್ನೂ ಬೈಯುತ್ತಾರೆ. ಅದು ಪುಣೆಯಲ್ಲಿ ಐವತ್ತರ ದಶಕದ ಮಧ್ಯದಲ್ಲೇ ಕಾಣಿಸಿಕೊಂಡಿತ್ತು, ಆ ಪಾಪವನ್ನಾದರೂ ಜಾನ್ಸನ್ ತಲೆಗೆ ಕಟ್ಟುವುದು ಬೇಡ.) 1971ರ ಕೊನೆಗೆ ನಾವು ಆ ರಿಯಾಯಿತಿ ಗೋಧಿಯನ್ನು ನಿಲ್ಲಿಸಿದೆವು. ನಿಮ್ಮ ಲೇಖನದಲ್ಲಿ ಏಳನೇ ನೌಕಾಪಡೆ ಬಂದದ್ದೂ ಅದೇ ಡಿಸೆಂಬರ್.

ವಿಯೆಟ್ನಾಂ ಬಗ್ಗೆ ನೀವು ಬರೆದ ಒಂದು ಸಾಲಿಗೆ ಹೆಚ್ಚು ಸೇರಿಸುವುದಿಲ್ಲ, ಒಂದು ದಿನಾಂಕ ಮಾತ್ರ. ಸೆಲ್ಮಾದ ಸೇತುವೆಯ ಮೇಲೆ ರಕ್ತ ಹರಿದದ್ದು ಮಾರ್ಚ್ 7. ಅಮೆರಿಕದ ಮೊದಲ ಯುದ್ಧ ತುಕಡಿಗಳು ಡಾ ನಾಂಗ್ ಕಡಲತೀರದಲ್ಲಿ ಇಳಿದದ್ದು ಮಾರ್ಚ್ 8. ಆಸ್ಟಿನ್‌ನಲ್ಲಿರುವ ಜಾನ್ಸನ್ ಗ್ರಂಥಾಲಯದಲ್ಲಿ ಟೆಲಿಫೋನ್ ರಿಸೀವರ್ ಎತ್ತಿ ಕಿವಿಗಿಟ್ಟರೆ ಅವರ ಧ್ವನಿಮುದ್ರಿಕೆಗಳು ಕೇಳುತ್ತವೆ. ತಂಗಿಯ ಮಗ ಕರೆದುಕೊಂಡು ಹೋಗಿದ್ದ. ಅವರ ದೂರವಾಣಿ ಮಾತುಗಳು ಈಗ ಬಹಿರಂಗ ದಾಖಲೆ, ಮನೆಯಲ್ಲೇ ಕೂತು ಕೇಳಬಹುದು. 1964ರ ಮೇ 27ರಂದು ತಮ್ಮ ಭದ್ರತಾ ಸಲಹೆಗಾರ ಮ್ಯಾಕ್‌ಜಾರ್ಜ್ ಬಂಡಿ ಅವರಿಗೆ ಅವರು ಹೇಳುತ್ತಾರೆ: ಇದಕ್ಕಾಗಿ ಹೋರಾಡುವುದರಲ್ಲಿ ಅರ್ಥ ಕಾಣುತ್ತಿಲ್ಲ, ಹೊರಬರಲೂ ಆಗುವುದಿಲ್ಲ. ಪಡೆಗಳು ಇಳಿಯುವ ಮುನ್ನವೇ, ಒಂಬತ್ತು ತಿಂಗಳ ಮುಂಚೆಯೇ ಈ ಮಾತು. ಗೊತ್ತಿಲ್ಲದೆ ಬಿದ್ದವರಲ್ಲ, ಗೊತ್ತಿದ್ದೇ ಇಳಿದವರು; ಆದ್ದರಿಂದ ನಿಮ್ಮ 'ಹೂತುಹೋದ' ಎಂಬುದು ಅವರಿಗೆ ತೀರಾ ದಾಕ್ಷಿಣ್ಯ ತೋರಿಸಿದಂತಾಯಿತು. 58,000 ಅಮೆರಿಕನ್ ಸೈನಿಕರು ಸತ್ತರು, ವಿಯೆಟ್ನಾಮಿನವರು ಲಕ್ಷಗಟ್ಟಲೆ. ಸೆಲ್ಮಾ ಘಟನೆಯ ನಂತರದ ಆ ಭಾಷಣಕ್ಕೆ ಕಿವಿಗೊಟ್ಟಿದ್ದ ಮಾರ್ಟಿನ್ ಲೂಥರ್ ಕಿಂಗ್ 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ನಿಂತು, ಬಡವರಿಗೆಂದು ಇಟ್ಟ ಹಣವನ್ನು ಈ ಯುದ್ಧ ನುಂಗುತ್ತಿದೆ ಎಂದರು. ಮರುವರ್ಷದ ಮಾರ್ಚ್ 31ರಂದು ಜಾನ್ಸನ್ ಇನ್ನು ಚುನಾವಣೆಗೆ ನಿಲ್ಲುವುದಿಲ್ಲ ಎಂದು ಟಿ.ವಿ.ಯಲ್ಲಿ ಘೋಷಿಸಿದರು, ನಾಲ್ಕು ದಿನ ಕಳೆಯುವಷ್ಟರಲ್ಲಿ ಕಿಂಗ್ ಕೊಲೆಯಾದರು. (ಗಂಭೀರ ವಿಷಯದ ನಡುವೆ ಇದನ್ನು ಹೇಳಬಾರದೇನೋ: 1964ರ ಆಗಸ್ಟ್‌ನಲ್ಲಿ, ಯುದ್ಧಕ್ಕೆ ಕಾಂಗ್ರೆಸ್ಸಿನ ಅಧಿಕಾರಪತ್ರ ಸಿಕ್ಕ ಎರಡೇ ದಿನಕ್ಕೆ, ಅಧ್ಯಕ್ಷರು ಪ್ಯಾಂಟ್ ತಯಾರಕರೊಬ್ಬರಿಗೆ ಫೋನ್ ಮಾಡಿ ಎಲ್ಲೆಲ್ಲಿ ಬಿಗಿಯಾಗುತ್ತಿದೆ ಎಂದು ಸವಿವರವಾಗಿ ಹೇಳುವ ಮುದ್ರಿಕೆಯೂ ಇದೆ.)

ಕೊನೆಗೆ ಎರಡು ತಿದ್ದುಪಡಿಗಳು. ಲೇಖನದ ಪಕ್ಕದ ಪೆಟ್ಟಿಗೆಯಲ್ಲಿ ಪಿ.ಎಲ್. 480 ಗೋಧಿ ಕಾನೂನನ್ನು ಕೆನಡಿ ಕಾಲದ್ದೆಂದು ಹಾಕಿದ್ದೀರಿ. ಅದಕ್ಕೆ ಸಹಿ ಹಾಕಿದ್ದು ಐಸೆನ್‌ಹೋವರ್, 1954ರ ಜುಲೈ 10ರಂದು. ಹಾಗೆಯೇ 1964ರ ನಾಗರಿಕ ಹಕ್ಕು ಕಾಯ್ದೆಯೂ ಕೆನಡಿಯವರ ಹೆಸರಿನಲ್ಲಿ ಅಚ್ಚಾಗಿದೆ. ಅದು ಕಾನೂನಾದ ಜುಲೈ 2ಕ್ಕೆ ಕೆನಡಿ ಸತ್ತು ಏಳು ತಿಂಗಳಾಗಿತ್ತು. ನಮ್ಮ ಊರಿನ ಶಾಲೆಗಳಲ್ಲಿ ಮಕ್ಕಳು ನಿಮ್ಮ ಪುರವಣಿಯನ್ನು ಕತ್ತರಿಸಿ ಪ್ರಾಜೆಕ್ಟ್ ಪುಸ್ತಕಕ್ಕೆ ಅಂಟಿಸುತ್ತಾರೆ. ಆದ್ದರಿಂದ ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಹಾಕದೆ ಪುರವಣಿಯಲ್ಲೇ, ಅಂಟಿಸಲು ಬರುವಷ್ಟು ಅಗಲದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ,
ಅರಸೀಕೆರೆ